ಸರಳರೇಖೆಯ ಚಲನೆ: ಲೆಕ್ಕಕ್ಕೆ ನಾನು ಕೈ ಹಾಕುವ ಕ್ರಮ

ಚಲನೆಯ ಲೆಕ್ಕ ಎದುರಿಗೆ ಬಂದಾಗ ನಾನು ಮೊದಲು ಬರೆಯುವುದು ಸೂತ್ರವನ್ನಲ್ಲ. ಒಂದು ಗೆರೆ ಎಳೆದು, ಸೊನ್ನೆ ಎಲ್ಲಿ ಎಂದು ಗುರುತಿಸಿ, ಧನ ದಿಕ್ಕಿಗೆ ಬಾಣ ಹಾಕುತ್ತೇನೆ. ಪ್ರಥಮ ಪಿಯುಸಿಯ ಉತ್ತರ ಪತ್ರಿಕೆಗಳಲ್ಲಿ ಸೂತ್ರ ಮರೆತು ಅಂಕ ಕಳೆದುಕೊಳ್ಳುವವರಿಗಿಂತ ಚಿಹ್ನೆ ತಪ್ಪಿಸಿ ಕಳೆದುಕೊಳ್ಳುವವರೇ ಜಾಸ್ತಿ.

ಗೆರೆಯ ಕೆಳಗೆ ಐದು ಅಕ್ಷರ ಬರೆದುಕೊಳ್ಳುತ್ತೇನೆ: ಆರಂಭಿಕ ವೇಗ ಯು, ಅಂತಿಮ ವೇಗ ವಿ, ವೇಗೋತ್ಕರ್ಷ (ವೇಗ ಬದಲಾಗುವ ದರ) ಎ, ಸ್ಥಾನಪಲ್ಲಟ (ಹೊರಟ ಜಾಗದಿಂದ ದಿಕ್ಕಿನ ಸಮೇತ ದೂರ) ಎಸ್, ಕಾಲ ಟಿ. ಗಂಟೆಗೆ ಇಷ್ಟು ಕಿ.ಮೀ. ಎಂದಿದ್ದರೆ ಅಲ್ಲೇ 5/18ರಿಂದ ಗುಣಿಸಿ ಮೀ/ಸೆ ಮಾಡಿಬಿಡಬೇಕು, ಆಮೇಲೆ ನೋಡೋಣ ಎಂದರೆ ಮರೆತೇ ಹೋಗುತ್ತದೆ. ‘ನಿಶ್ಚಲ ಸ್ಥಿತಿಯಿಂದ ಹೊರಟು’ ಎಂದರೆ ಯು = 0; ‘ಬಂದು ನಿಂತಿತು’ ಎಂದರೆ ವಿ = 0. ಇವು ಅಂಕಿಯ ರೂಪದಲ್ಲಿ ಇರುವುದಿಲ್ಲ, ಮಾತಿನಲ್ಲಿ ಅಡಗಿರುತ್ತವೆ.

ಎ ಉದ್ದಕ್ಕೂ ಒಂದೇ ಆಗಿದ್ದರೆ, ಐದರಲ್ಲಿ ಮೂರು ಗೊತ್ತಿದ್ದರೆ ಸಾಕು. ಕೊಟ್ಟೂ ಇಲ್ಲದ, ಕೇಳಿಯೂ ಇಲ್ಲದ ಅಕ್ಷರ ಯಾವುದೋ, ಅದು ಇಲ್ಲದ ಸೂತ್ರವೇ ಬೇಕಾದ ಸೂತ್ರ. ಎಸ್ ಬೇಡವೇ? ವಿ = ಯು + ಎ×ಟಿ. ವಿ ಬೇಡವಾದರೆ ಎಸ್ = ಯು×ಟಿ + ½×ಎ×ಟಿ². ಟಿ ಬೇಡವಾದರೆ ವಿ² = ಯು² + 2×ಎ×ಎಸ್. ಎ ಬೇಡವಾದಾಗ ಎಸ್ = ½(ಯು + ವಿ)×ಟಿ. ಈ ಕೊನೆಯದನ್ನು ಯಾಕೋ ಯಾರೂ ನೆನಪಿಡುವುದಿಲ್ಲ. ಎರಡು ಹಂತದ ಕೆಲಸವನ್ನು ಅದು ಒಂದೇ ಸಾಲಿನಲ್ಲಿ ಮುಗಿಸುತ್ತದೆ.

15 ಮೀ ಎತ್ತರದ ತಾರಸಿಯ ಅಂಚಿನಿಂದ ಚೆಂಡನ್ನು 10 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲಕ್ಕೆ ಬೀಳಲು ಎಷ್ಟು ಹೊತ್ತು? ಹೆಚ್ಚಿನವರು ಏರುವುದನ್ನು ಬೇರೆ, ಇಳಿಯುವುದನ್ನು ಬೇರೆ ಮಾಡುತ್ತಾರೆ. ಬೇಕಾಗಿಲ್ಲ. ತಾರಸಿಯೇ ಸೊನ್ನೆ, ಮೇಲಕ್ಕೆ ಧನ. ಯು = +10, ಎ = −10 (ಗುರುತ್ವ ಕೆಳಕ್ಕೆ ಎಳೆಯುವ ವೇಗೋತ್ಕರ್ಷ, ಸುಮಾರು 10 ಮೀ/ಸೆ² ಎಂದು ಹಿಡಿದದ್ದು), ಎಸ್ = −15. ಚೆಂಡು ಏರುವಾಗಲೂ, ತುದಿಯಲ್ಲಿ ಕ್ಷಣಕಾಲ ವೇಗ ಸೊನ್ನೆಯಾದಾಗಲೂ, ಇಳಿಯುವಾಗಲೂ ಎ ಅದೇ −10. ತುದಿಯಲ್ಲಿ ಎ ಕೂಡ ಸೊನ್ನೆ ಎಂದು ಬರೆಯುವವರಿದ್ದಾರೆ. ಹಾಗಾದರೆ ಚೆಂಡು ಅಲ್ಲೇ ತೂಗಾಡಿಕೊಂಡಿರಬೇಕಾಗುತ್ತದೆ! −15 = 10ಟಿ − 5ಟಿ², ಅಂದರೆ ಟಿ² − 2ಟಿ − 3 = 0. ಟಿ = 3 ಅಥವಾ −1; ಉತ್ತರ 3 ಸೆಕೆಂಡು. ತಾಳೆ ನೋಡಲು: ವಿ = 10 − 30 = −20, ಇನ್ನೊಂದು ದಾರಿಯಲ್ಲಿ ವಿ² = 100 + 300 = 400. ಎರಡೂ ಹೊಂದಿದವು. −1 ಕೂಡ ಅರ್ಥವಿಲ್ಲದ್ದಲ್ಲ: 1 ಸೆಕೆಂಡು ಮೊದಲು ನೆಲದಿಂದ 20 ಮೀ/ಸೆನಲ್ಲಿ ಎಸೆದಿದ್ದ ಚೆಂಡೂ ತಾರಸಿಯನ್ನು ಇದೇ ವೇಗದಲ್ಲಿ ದಾಟುತ್ತಿತ್ತು.

ಬ್ರೇಕಿನ ಲೆಕ್ಕದಲ್ಲಿ ಸೂತ್ರವೇ ಮೋಸ ಮಾಡುತ್ತದೆ. ಗಂಟೆಗೆ 72 ಕಿ.ಮೀ. ವೇಗದ ಬಸ್ಸು, ಬ್ರೇಕಿನಿಂದ ಎ = −4 ಮೀ/ಸೆ². ಬ್ರೇಕ್ ಹಾಕಿದ ಮೇಲೆ 6 ಸೆಕೆಂಡಿನಲ್ಲಿ ಎಷ್ಟು ದೂರ ಹೋಯಿತು? ನೇರ ತುಂಬಿದರೆ 20×6 − 2×36 = 48 ಮೀ. ತಪ್ಪು. ಬಸ್ಸು ನಿಲ್ಲುವುದು 20/4 = 5ನೇ ಸೆಕೆಂಡಿಗೆ, 50 ಮೀ ಸಾಗಿ. ಸೂತ್ರಕ್ಕೆ ಬಸ್ಸು ನಿಂತದ್ದು ತಿಳಿಯದು. ಉಳಿದ 1 ಸೆಕೆಂಡಿನಲ್ಲಿ ಅದನ್ನು 2 ಮೀ ಹಿಂದಕ್ಕೆ ಓಡಿಸಿರುತ್ತದೆ. ಹಾಗಾಗಿ ಬ್ರೇಕ್ ಎಂದು ಕಂಡ ಕೂಡಲೇ ನಿಲ್ಲುವ ಕಾಲವನ್ನು ಮೊದಲು ತೆಗೆಯುತ್ತೇನೆ. ಚಾಲಕ ಬ್ರೇಕ್ ತುಳಿಯಲು ಅರ್ಧ ಸೆಕೆಂಡು ತೆಗೆದುಕೊಂಡ ಎಂದಿದ್ದರೆ ಅಷ್ಟು ಹೊತ್ತು ಎ = 0, ಆ 10 ಮೀ ಪ್ರತ್ಯೇಕವಾಗಿ ಸೇರಬೇಕು.

ಎ ನಡುವೆ ಬದಲಾದರೆ ಇಡೀ ಪ್ರಯಾಣಕ್ಕೆ ಒಂದೇ ಸಮೀಕರಣ ನಡೆಯದು. ಆಗ ವೇಗ–ಕಾಲ ನಕ್ಷೆಯೇ ಸುಲಭ. ರೈಲು 40 ಸೆಕೆಂಡಿನಲ್ಲಿ ಸಮನಾಗಿ 20 ಮೀ/ಸೆಗೆ ಏರಿ, 60 ಸೆಕೆಂಡು ಅದೇ ವೇಗದಲ್ಲಿ ಓಡಿ, 20 ಸೆಕೆಂಡಿನಲ್ಲಿ ಸಮನಾಗಿ ಇಳಿದು ನಿಂತರೆ ನಕ್ಷೆ ತ್ರಾಪಿಜ್ಯವಾಗುತ್ತದೆ: ತಳ 120, ಮೇಲಿನ ಬದಿ 60, ಎತ್ತರ 20. ವಿಸ್ತೀರ್ಣ 1800, ಅದೇ ಮೀಟರಿನಲ್ಲಿ ದೂರ. ಸರಾಸರಿ ವೇಗ 1800/120 = 15 ಮೀ/ಸೆ.