ನನ್ನ ಬ್ಯಾಂಡ್‌ಸಾದ ಬೇರಿಂಗ್ ತಿನ್ನುತ್ತಿದ್ದ ವಾಷರ್

ನನ್ನದು 14 ಇಂಚಿನ ಬ್ಯಾಂಡ್‌ಸಾ, ಅಂದರೆ ಎರಡು ಚಕ್ರದ ಮೇಲೆ ಪಟ್ಟಿಯಂಥ ಬ್ಲೇಡ್ ಓಡಿಸಿ ಮರ ಕೊಯ್ಯುವ ಮೆಷಿನ್. ಬ್ಲೇಡ್ ಅತ್ತಿತ್ತ ಹೋಗದಂತೆ ತಡೆಯುವ ಅದರ ಗೈಡ್ ಬೇರಿಂಗ್ ಬದಲಾಯಿಸದೆ ಹತ್ತಿರ ಹತ್ತಿರ 14 ತಿಂಗಳಾಯಿತು. ಅದಕ್ಕೆ ಮುಂಚೆ ಎರಡು ತಿಂಗಳಿಗೊಂದು ಸೆಟ್ ಹೋಗುತ್ತಿತ್ತು. "ಗೈಡ್ ಇರೋದೇ ಸವೆಯೋಕೆ" ಅಂದವರು, "ಮೆಷಿನ್ ಮಾರಿ ಹೊಸದು ತಗೋ" ಅಂದವರು ಎಲ್ಲರೂ ಈಗ ಬಂದು ಬೇರಿಂಗ್ ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದರಲ್ಲಿ ಬ್ಲೇಡಿನ ಪಕ್ಕದ ಗೈಡ್‌ಗೆ 626 ನಂಬರಿನ ಬೇರಿಂಗ್ ನಾಲ್ಕು, ಬ್ಲೇಡನ್ನು ಹಿಂದಿನಿಂದ ತಡೆಯುವ ಥ್ರಸ್ಟ್‌ಗೆ 6200 ನಂಬರಿನವು ಎರಡು. ಮೊದಲು ಅಗ್ಗದ್ದು ಹಾಕಿದೆ. ಹೋಯಿತು. ಮೂರು ಪಟ್ಟು ಬೆಲೆಯದ್ದು ತಂದೆ. ಅದು ಹೆಚ್ಚೆಂದರೆ ಇನ್ನೊಂದು ವಾರ ಜಾಸ್ತಿ ಬಂತು. ತಗಡಿನ ಮುಚ್ಚಳದ್ದು ಬಿಟ್ಟು ರಬ್ಬರ್ ಸೀಲಿನದ್ದು ಹಾಕಿದೆ, ಅದೂ ಅಷ್ಟೇ. ಹೊರಗಿನಿಂದ ಗ್ರೀಸ್ ಬಳಿದದ್ದಂತೂ ದೊಡ್ಡ ತಪ್ಪು. ಹೊಟ್ಟು ಅದಕ್ಕೆ ಮೆತ್ತಿಕೊಂಡು ಹಿಟ್ಟಿನ ಹಾಗೆ ಆಯಿತು. ಯಾರೋ ಹೇಳಿದರು ಅಂತ ಬ್ಲೇಡಿನ ಟೆನ್ಷನ್ (ಬಿಗಿತ) ಏರಿಸಿದೆ. ಮೇಲಿನ ಚಕ್ರದ ಬೇರಿಂಗೇ ಕೂಗೋಕೆ ಶುರು ಮಾಡಿತು. ಆ ರಿಪೇರಿಗೆ ಆರು ಗೈಡ್ ಬೇರಿಂಗಿನ ದುಡ್ಡಿಗಿಂತ ಜಾಸ್ತಿ ಹೋಯಿತು. ಕೊನೆಗೆ ಬೇರೆ ಕಂಪನಿಯ ಪೂರ್ತಿ ಗೈಡ್ ಸೆಟ್ ತರಿಸಿದೆ. ಅದರ ಬ್ರಾಕೆಟ್ ನನ್ನ ಪೋಸ್ಟ್‌ಗೆ, ಅಂದರೆ ಗೈಡ್ ಹಿಡಿದಿರುವ ಕಂಬಕ್ಕೆ, ಕೂರಲಿಲ್ಲ. ವಾಪಸ್ ಕೊಟ್ಟಾಗ ಅರ್ಧ ದುಡ್ಡು ಮಾತ್ರ ಬಂತು. ಆ ವರ್ಷ ಇದಕ್ಕೆ ಸುರಿದ ಹಣದಲ್ಲಿ ಒಂದು ಡಜನ್ ಒಳ್ಳೆ ಬ್ಲೇಡ್ ಬರುತ್ತಿತ್ತು.

ಗುಟ್ಟು ಸಿಕ್ಕಿದ್ದು ಒಂದು ದಿನ ಹೊಸ ಬೇರಿಂಗ್ ಕೂರಿಸುವಾಗ. ಬೋಲ್ಟ್ ಸಡಿಲ ಇದ್ದಾಗ ಬೇರಿಂಗ್ ಬೆರಳು ತಾಗಿದರೆ ಸಾಕು, ತಿರುಗುತ್ತಿತ್ತು. ಬಿಗಿ ಮಾಡಿದ ಕೂಡಲೇ ಗಟ್ಟಿ. ಮತ್ತೆ ಸಡಿಲಿಸಿದೆ, ಹಗುರ. ಬಿಚ್ಚಿ ನೋಡಿದರೆ ಬ್ರಾಕೆಟ್ ಮತ್ತು ಬೇರಿಂಗ್ ನಡುವೆ 18 ಮಿ.ಮೀ. ಅಗಲದ ವಾಷರ್ ಕೂತಿದೆ! ಬೇರಿಂಗಿನ ಹೊರಗಿನ ಅಳತೆಯೇ 19. ಅಂದರೆ ವಾಷರ್ ಬೋಲ್ಟಿಗೆ ಕೂರುವ ಒಳರಿಂಗ್ ಜೊತೆ, ತಿರುಗಬೇಕಾದ ಹೊರರಿಂಗನ್ನೂ ಹಿಡಿದು ನಿಲ್ಲಿಸುತ್ತಿತ್ತು. ಹಿಂದೆ ಯಾವಾಗಲೋ ರಿಪೇರಿ ಮಾಡಿದವರು ಮೂಲದ ಸಣ್ಣ ಸ್ಪೇಸರ್ (ನಡುವೆ ಸಂದು ಉಳಿಸುವ ಉಂಗುರ) ಕಳೆದುಹೋಯಿತು ಅಂತ ಸಿಕ್ಕಿದ ವಾಷರ್ ಹಾಕಿದ್ದಾರೆ. ನಾನೂ ಪ್ರತಿ ಸಲ ಅದನ್ನೇ ಒರೆಸಿ ವಾಪಸ್ ಹಾಕುತ್ತಿದ್ದೆ.

ಒಂದು ಲೆಕ್ಕ ಹಾಕಿ. ಬ್ಲೇಡ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತದೆ. 19 ಮಿ.ಮೀ. ಬೇರಿಂಗಿನ ಸುತ್ತಳತೆ 60 ಮಿ.ಮೀ. ಅಂದರೆ ಬ್ಲೇಡ್ ತಾಗಿದ ಕ್ಷಣ ಅದು ನಿಮಿಷಕ್ಕೆ 15,000 ಸುತ್ತು ತಿರುಗಬೇಕು, ಅದೂ ನಿಂತಲ್ಲಿಂದ. ಬಿಗಿಯಾಗಿ ಹಿಡಿದಿಟ್ಟರೆ ಬೇರಿಂಗ್ ತಿರುಗುವ ಬದಲು ಬ್ಲೇಡ್ ಅದರ ಮೇಲೆ ಜಾರುತ್ತದೆ. ಹೊರಮೈಯಲ್ಲಿ ಒಂದೇ ಜಾಗ ಚಪ್ಪಟೆಯಾಗುತ್ತದೆ. ನನ್ನ ಹಳೆ ಬೇರಿಂಗ್‌ಗಳ ಡಬ್ಬಿ ಸುರಿದು ನೋಡಿದೆ, ಮುಕ್ಕಾಲು ಪಾಲು ಹಾಗೇ ಸತ್ತಿದ್ದವು.

ಸಣ್ಣ ಪೈಪ್ ತುಂಡು ಲೇತಿನಲ್ಲಿ ಕತ್ತರಿಸಿ ಸ್ಪೇಸರ್ ಮಾಡಿಕೊಂಡೆ. ಒಳಗೆ 6, ಹೊರಗೆ 8.5 ಮಿ.ಮೀ., ದಪ್ಪ ಒಂದು ಮಿ.ಮೀ.ಗಿಂತ ಸ್ವಲ್ಪ ಕಮ್ಮಿ. ಒಳರಿಂಗಿಗೆ ಮಾತ್ರ ತಾಗಬೇಕು, ಅಷ್ಟೇ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಥ್ರಸ್ಟ್ ಬೇರಿಂಗಿನ ಕಥೆ ಬೇರೆ. ಅಲ್ಲಿ ಬ್ಲೇಡಿನ ಬೆನ್ನು ಬೇರಿಂಗಿನ ಮುಖದ ಮಧ್ಯದ ಹತ್ತಿರ ಒತ್ತುತ್ತಿತ್ತು. ಸೀಲ್ ಹರಿದು ಹೊಟ್ಟು ಒಳಗೆ ಹೋಗುತ್ತಿತ್ತು. ಬ್ರಾಕೆಟ್ ಪಕ್ಕಕ್ಕೆ ಸರಿಸಿ, ಬೆನ್ನು ಹೊರರಿಂಗಿನ ಅಂಚಿಗೆ ಮಾತ್ರ ತಾಗುವಂತೆ ಮಾಡಿದೆ. ಬೆನ್ನಿನ ಚೂಪು ಮೂಲೆಗಳನ್ನು ಸಾಣೆಕಲ್ಲಿನಿಂದ ದುಂಡಗೆ ಮಾಡಿದೆ. ಕಲ್ಲು ಹಿಡಿಯುವ ಮುಂಚೆ ಟೇಬಲ್ ಸುತ್ತ ಹೊಟ್ಟೆಲ್ಲ ತೆಗೆಯಿರಿ, ಕಿಡಿ ಬೀಳುತ್ತದೆ.

ಇಷ್ಟಾದರೂ ಬ್ಲೇಡ್ ಓಡುವಾಗ ಬರುತ್ತಿದ್ದ ಟಕ್ ಟಕ್ ಸದ್ದು ನಿಲ್ಲಲಿಲ್ಲ. ಸೆಕೆಂಡಿಗೆ ಐದಾರು ಸಲ ಬಂದರೆ ಅದು ಸಾಮಾನ್ಯವಾಗಿ ಬ್ಲೇಡಿನ ಎರಡು ತುದಿ ಸೇರಿಸಿದ ವೆಲ್ಡ್ ಜಾಗವೇ. ಅಲ್ಲಿನ ಉಬ್ಬು ಉಜ್ಜಿದೆ. ಆಮೇಲೆ ಎಲ್ಲರೂ ಬೇಡ ಅಂದ ಕೆಲಸ ಮಾಡಿದೆ. ಆರೂ ಬೇರಿಂಗ್ ಹಿಂದಕ್ಕೆ ಸರಿಸಿ, ಮರ ಕೊಡದೆ, ಮೆಷಿನ್ನಿನ ಬಾಗಿಲು ಮುಚ್ಚಿ, ಬರೀ ಚಕ್ರದ ಮೇಲೆ ಬ್ಲೇಡ್ ಓಡಿಸಿದೆ. ಮೊದಲು ಕೈಯಲ್ಲಿ, ನಂತರ ಮೋಟಾರಿನಲ್ಲಿ. ಬ್ಲೇಡ್ ಒಂದು ಮಿ.ಮೀ.ನಷ್ಟು ಹಿಂದೆ ಮುಂದೆ ಆಡುತ್ತಿತ್ತು! ಕೆಳಗಿನ ಚಕ್ರದ ಟೈರ್ ಮೇಲೆ ಅಂಟು ಮತ್ತು ಹೊಟ್ಟು ಸೇರಿ ಗಂಟಾಗಿತ್ತು. ಮೆಷಿನ್ ನಿಲ್ಲಿಸಿ, ಪ್ಲಗ್ ತೆಗೆದು ಅದನ್ನು ಕೆರೆದೆ. ಚಕ್ರದಲ್ಲೇ ನೇರ ಓಡದ ಬ್ಲೇಡನ್ನು ಗೈಡ್ ಹಿಡಿದು ನೇರ ಮಾಡಬೇಕು ಅಂತ ನಾವು ಬಯಸುತ್ತೇವೆ. ಬೇರಿಂಗ್ ಸಾಯದೆ ಇನ್ನೇನು ಮಾಡುತ್ತದೆ?

ಟ್ರ್ಯಾಕಿಂಗ್, ಅಂದರೆ ಚಕ್ರದ ಮೇಲೆ ಬ್ಲೇಡಿನ ಓಟ, ಸರಿಯಾಗಿ ಕೂತ ಮೇಲೆ ಗೈಡ್‌ಗಳನ್ನು ಬ್ಲೇಡಿನ ಹತ್ತಿರ ತಂದೆ. ಪಕ್ಕಕ್ಕೆ ಒಂದು ಕಾಗದದಷ್ಟು ಸಂದು, ಹಿಂದೆ ಸುಮಾರು ಅರ್ಧ ಮಿ.ಮೀ. ಮರ ಕೊಡದಿದ್ದಾಗ ಒಂದು ಬೇರಿಂಗೂ ತಿರುಗಬಾರದು. ಪೋಸ್ಟ್ ಏರಿಸಿ ಇಳಿಸಿದಾಗ ಈ ಸಂದು ಬದಲಾಗುತ್ತಿತ್ತು. ಅದನ್ನೂ ಸರಿ ಮಾಡಿದೆ, ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಕೈಗುಣ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. 6 ಮಿ.ಮೀ. ಬ್ಲೇಡಿಗೆ ಪಕ್ಕದ ಬೇರಿಂಗ್ ತೆಗೆದು ಗಟ್ಟಿ ಮರದ ತುಂಡು ಹಾಕಿದೆ. ಹಲ್ಲು ತಾಗಿದರೂ ಬ್ಲೇಡ್ ಹಾಳಾಗುವುದಿಲ್ಲ, ತಿರುವಿನ ಕೆಲಸಕ್ಕೆ ಬೇರಿಂಗಿಗಿಂತ ಚೆನ್ನಾಗಿದೆ, ಸದ್ದೂ ಕಮ್ಮಿ. ಹಡಗಿನ ಪ್ರೊಪೆಲರ್ ಶಾಫ್ಟ್‌ಗೆ ಹಿಂದೆ ಲಿಗ್ನಮ್ ವೈಟೀ ಅನ್ನುವ ಮರದ ಬೇರಿಂಗೇ ಹಾಕುತ್ತಿದ್ದರು, ಅಲ್ವಾ? ಒಣ ಮರ ಬೇಗ ಸುಟ್ಟಿತು. ಎಣ್ಣೆಯಲ್ಲಿ ನೆನೆಸಿದ್ದು ಮೂರ್ನಾಲ್ಕು ವಾರ ಬಂತು. ಎಣ್ಣೆಗೆ ಇನ್ನೇನು ಬೆರೆಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹಿತ್ತಾಳೆಯನ್ನೂ ನೋಡಿದೆ. ಬ್ಲೇಡಿನ ಹಲ್ಲುಗಳು ಎಡಕ್ಕೆ ಬಲಕ್ಕೆ ಬಾಗಿರುವ ಸೆಟ್ ಬೇಗ ಹೋಯಿತು, ಬಿಟ್ಟೆ.

ಈಗ ಕೆಳಗಿನ ಬಲಗಡೆ ಬೇರಿಂಗ್ ಸ್ವಲ್ಪ ಗರಗರ ಅನ್ನುತ್ತಿದೆ. ಹೊಟ್ಟೆಲ್ಲ ಬೀಳುವುದು ಅಲ್ಲೇ. ಹೊಸದೊಂದು ತಂದಿಟ್ಟಿದ್ದೇನೆ, ಸ್ಪೇಸರ್ ಸಮೇತ.