ಕಿಟಕಿ ಅಳೆದೆ, ರಾಡ್ ಅಳೆಯಲಿಲ್ಲ

ತುಮಕೂರಿನ ನಮ್ಮ ಮನೆ ಹಾಲ್‌ನ ಕಿಟಕಿ ಪಡುವಣಕ್ಕಿದೆ. ಅಗಲ 5 ಅಡಿ ಅಂತ 48 ಇಂಚಿನ ಎರಡು ರೆಡಿಮೇಡ್ ಕರ್ಟನ್ ತಂದು ಹಾಕಿದೆ. ಎಳೆದು ಮುಚ್ಚಿದರೆ ನೆರಿಗೆ ಇದ್ದೂ ಇಲ್ಲದ ಹಾಗೆ, ಹಗ್ಗದ ಮೇಲೆ ಒಣಹಾಕಿದ ಬೆಡ್‌ಶೀಟ್ ಥರ. ಗಾಳಿ ಬೀಸಿದಾಗ ನಡುವೆ ಸಂದಿ ಬಿಟ್ಟು ಇಳಿಬಿಸಿಲು ನೇರ ಅಮ್ಮನ ಮುಖಕ್ಕೆ ಬಡಿಯುತ್ತಿತ್ತು.

ಮಂಡಿಪೇಟೆ ಹತ್ತಿರದ ಟೈಲರ್ ಕೇಳಿದ್ದು ಒಂದೇ ಮಾತು: "ಅಕ್ಕಾ, ಕಿಟಕಿ ಅಳೆದ್ರಾ, ರಾಡ್ ಅಳೆದ್ರಾ?"

ತಪ್ಪು ಅಲ್ಲೇ ಇತ್ತು. ಕಿಟಕಿ 60 ಇಂಚು, ಆದರೆ ಎರಡೂ ಕಡೆ ಆರಾರು ಇಂಚು ಚಾಚಿದ ರಾಡ್ 72 ಇಂಚು. ನೆರಿಗೆ ತುಂಬಿ ಬೀಳಲು ರಾಡಿನ ಎರಡರಷ್ಟು, ಅಂದರೆ 144 ಇಂಚು ಬಟ್ಟೆ ಬೇಕು. ನನ್ನದು ಬರೀ 96. (ದಪ್ಪ ಬಟ್ಟೆಗೆ ಒಂದೂವರೆಯಷ್ಟಾದರೂ ನಡೆಯುತ್ತದೆ, ತೆಳುವಾದದ್ದಕ್ಕೆ ಎರಡೂವರೆ ಇದ್ದರೆ ಚೆಂದ.)

ಅದೇ ಬಣ್ಣದ ಇನ್ನೊಂದು ಕರ್ಟನ್ ಕೊಂಡು ತಂದೆ. ಟೈಲರ್ ಅದನ್ನು ಉದ್ದಕ್ಕೆ ಸೀಳಿ ಎರಡಕ್ಕೂ ಅರ್ಧರ್ಧ ಜೋಡಿಸಿದರು. ರಾಡ್ ತೂರಿಸಲು ಪ್ರತಿ ಕರ್ಟನ್ನಿನ ಮೇಲಂಚಲ್ಲಿದ್ದ ಎಂಟು ರಿಂಗಿಗೆ ನಾಲ್ಕು ಸೇರಿ ಹನ್ನೆರಡಾಯಿತು. ರಿಂಗು ಸಮಸಂಖ್ಯೆಯಲ್ಲೇ ಇರಬೇಕು, ಆಗ ಎರಡೂ ಅಂಚು ಗೋಡೆ ಕಡೆಗೇ ತಿರುಗುತ್ತವೆ. ಹೊಲಿಗೆ ನೆರಿಗೆಯ ಒಳಮಡಿಕೆಯಲ್ಲಿ ಅಡಗಿದೆ, ಬೆರಳಾಡಿಸಿದರಷ್ಟೇ ಸಿಗುತ್ತದೆ. ಅಮ್ಮ ಈಗ ನಾಲ್ಕು ಗಂಟೆಗೂ ಕಿಟಕಿ ಪಕ್ಕವೇ ಕೂತು ಅವರೆಕಾಯಿ ಸುಲಿಯುತ್ತಾಳೆ.