ರೆಪ್ಪೆಗೂದಲಿನ ಬುಡದ ನುಸಿ: ಗುರುತಿಸುವ ಬಗೆ ಮತ್ತು ಆರು ವಾರಗಳ ಆರೈಕೆ

ಬೆಳಗ್ಗೆ ಎದ್ದ ಕೂಡಲೇ ರೆಪ್ಪೆಯ ಅಂಚು ತುರಿಸುವುದು, ಕಣ್ಣಿನಲ್ಲಿ ಮರಳು ಬಿದ್ದಂತೆ ಚುಚ್ಚುವುದು, ಗೂದಲಿನ ಬುಡದಲ್ಲಿ ಹೊಟ್ಟಿನಂಥ ಪುಡಿ ಕಟ್ಟಿಕೊಳ್ಳುವುದು, ಇವನ್ನೆಲ್ಲ ನಮ್ಮ ವಿಜಯಪುರದಲ್ಲಿ ಧೂಳಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವುದೇ ವಾಡಿಕೆ. ನನ್ನ ತಾಯಿಯ ಕಣ್ಣುಗಳ ವಿಷಯದಲ್ಲಿಯೂ ನಾವು ಒಂದೂವರೆ ವರ್ಷ ಇದೇ ತಪ್ಪು ಮಾಡಿದೆವು. ತೋರಿಸಿದ ಕಡೆಯಲ್ಲೆಲ್ಲ ಕಣ್ಣು ಒಣಗಿದೆ ಎಂದು ಹನಿಮದ್ದು ಬರೆದುಕೊಟ್ಟರು, ಆದರೆ ರೆಪ್ಪೆಯ ಅಂಚನ್ನು ಯಾರೂ ಹತ್ತಿರದಿಂದ ನೋಡಲಿಲ್ಲ. ಕೊನೆಗೆ ಒಬ್ಬ ವೈದ್ಯೆ ತಾಯಿಗೆ ಕೆಳಗೆ ನೋಡುವಂತೆ ಹೇಳಿ, ಮೇಲಿನ ರೆಪ್ಪೆಗೂದಲಿನ ಬುಡಕ್ಕೆ ಬೆಳಕು ಹಾಯಿಸಿದರು. ಕಾರಣ ಡೆಮೊಡೆಕ್ಸ್ ಎಂಬ ನುಸಿ ಎಂದು ತಿಳಿಯಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ನುಸಿ ಎಂದರೆ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಎಲೆಯ ಹಿಂಬದಿಗೆ ಕುಳಿತು ರಸ ಹೀರುವ ಕೆಂಪು ನುಸಿ ನೆನಪಾಗುತ್ತದೆ. ಕಣ್ಣಿನ ನುಸಿ ಅದರ ದೂರದ ಬಳಗವೇ. ಇದಕ್ಕೂ ಎಂಟು ಕಾಲುಗಳಿವೆ, ಇದೂ ಕೀಟವಲ್ಲ, ಜೇಡದ ವರ್ಗಕ್ಕೆ ಸೇರಿದ ಜೀವಿ. ಮನುಷ್ಯನ ಮೇಲೆ ಇದರ ಎರಡು ಜಾತಿಗಳು ಬದುಕುತ್ತವೆ. ಸುಮಾರು 0.3 ರಿಂದ 0.4 ಮಿಲಿಮೀಟರ್ ಉದ್ದದ ಫಾಲಿಕ್ಯುಲೋರಮ್ ಗೂದಲಿನ ಕುಳಿಯೊಳಗೆ ತಲೆ ಕೆಳಗಾಗಿ ಹುದುಗಿರುತ್ತದೆ. ಇನ್ನೂ ಸಣ್ಣದಾದ ಬ್ರೆವಿಸ್ ಎಣ್ಣೆಗ್ರಂಥಿಗಳ ಒಳಗೆ, ಅದರಲ್ಲೂ ಕಣ್ಣೀರಿಗೆ ಜಿಡ್ಡು ಒದಗಿಸುವ ರೆಪ್ಪೆಯ ಮೈಬೋಮಿಯನ್ ಗ್ರಂಥಿಗಳೊಳಗೆ ಸೇರಿಕೊಳ್ಳುತ್ತದೆ. 1842ರಲ್ಲಿ ಜರ್ಮನಿಯ ಗುಸ್ಟಾವ್ ಸೈಮನ್ ಈ ಜೀವಿಯನ್ನು ವಿವರಿಸಿದರು. ಮರುವರ್ಷ ರಿಚರ್ಡ್ ಓವನ್ ಇಟ್ಟ ಡೆಮೊಡೆಕ್ಸ್ ಎಂಬ ಹೆಸರಿಗೆ ಕೊಬ್ಬಿನ ಹುಳು ಎಂದೇ ಅರ್ಥ.

ಒಂದು ಮಾತನ್ನು ಮೊದಲೇ ಹೇಳಬೇಕು. ಈ ನುಸಿ ಇರುವುದು ಕೊಳಕುತನದ ಗುರುತಲ್ಲ. ವಯಸ್ಸಾದಂತೆ ಇದು ಹೆಚ್ಚು ಹೆಚ್ಚು ಜನರಲ್ಲಿ ಕಂಡುಬರುತ್ತದೆ, ಎಪ್ಪತ್ತು ದಾಟಿದವರಲ್ಲಿ ಇಲ್ಲದವರೇ ಅಪರೂಪ. ನುಸಿ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ತಾಯಿ ನಾಚಿಕೆಯಿಂದ ಮೊಮ್ಮಕ್ಕಳನ್ನು ಹತ್ತಿರ ಸೇರಿಸುವುದನ್ನೇ ಬಿಟ್ಟಿದ್ದರು. ಅದರ ಅಗತ್ಯ ಖಂಡಿತ ಇರಲಿಲ್ಲ. ನುಸಿ ಇದ್ದೂ ಯಾವ ತೊಂದರೆಯೂ ಇಲ್ಲದವರೇ ಹೆಚ್ಚು. ಸಂಖ್ಯೆ ಮಿತಿಮೀರಿದಾಗ ಮಾತ್ರ ಅದು ರೋಗವಾಗುತ್ತದೆ. ಅದರ ಉಗುರುಗಳು ಕುಳಿಯ ಒಳಚರ್ಮವನ್ನು ಗೀರುತ್ತವೆ, ಚರ್ಮ ದಪ್ಪಗಾಗುತ್ತದೆ, ಉದುರಿದ ಪದರ, ನುಸಿಯ ಮೊಟ್ಟೆ ಮತ್ತು ಹೊಲಸು ಸೇರಿ ಗೂದಲಿನ ಸುತ್ತ ಗಟ್ಟಿಯಾಗುತ್ತವೆ. ನುಸಿಯ ಮೈಮೇಲೆ ಬರುವ ಬ್ಯಾಕ್ಟೀರಿಯಾದಿಂದ ಉರಿಯೂತ ಇನ್ನಷ್ಟು ಕೆರಳುತ್ತದೆ. ಗ್ರಂಥಿಗಳ ಬಾಯಿ ಮುಚ್ಚಿಕೊಂಡರೆ ಕಣ್ಣೀರಿನ ಮೇಲಿರಬೇಕಾದ ಜಿಡ್ಡಿನ ಪದರ ತೆಳುವಾಗಿ ನೀರು ಬೇಗ ಆವಿಯಾಗುತ್ತದೆ, ನಮ್ಮ ಒಣಗಾಳಿಯಲ್ಲಂತೂ ಇನ್ನೂ ಬೇಗ. ನನ್ನ ತಾಯಿಗೆ ಕೊಟ್ಟ ಹನಿಮದ್ದು ಅರ್ಧ ಗಂಟೆ ತಂಪು ಕೊಟ್ಟು ಮತ್ತೆ ಕೈಬಿಡುತ್ತಿದ್ದುದು ಈ ಕಾರಣಕ್ಕೆ. ಪದೇಪದೇ ಏಳುವ ಕಣ್ಣುಕುಟಿಕೆ, ರೆಪ್ಪೆಯೊಳಗಿನ ನೋವಿಲ್ಲದ ಗಂಟು, ಗೂದಲು ಉದುರುವುದು, ಗೂದಲು ಒಳಮುಖವಾಗಿ ಬೆಳೆದು ಕಣ್ಣಿಗೆ ಉಜ್ಜುವುದು, ಇವುಗಳ ಹಿಂದೆಯೂ ಇದೇ ನುಸಿ ಇರಬಹುದು. ತೀರಾ ಬೆಳೆದರೆ ಉರಿಯೂತ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೂ ಹಬ್ಬುತ್ತದೆ.

ಗುರುತಿಸುವುದು ಹೇಗೆ ಎಂದರೆ, ನುಸಿಯನ್ನೇ ಹುಡುಕಬಾರದು. ಅದು ಅರೆಪಾರದರ್ಶಕ, ಬೆಳಕಿಗೆ ಹೆದರಿ ಕುಳಿಯೊಳಗೇ ಇರುತ್ತದೆ, ಕತ್ತಲಾದ ಮೇಲೆ ಹೊರಬಂದು ಗಂಟೆಗೆ ಸುಮಾರು ಒಂದು ಸೆಂಟಿಮೀಟರ್ ತೆವಳುತ್ತದೆ. ಕಾಣುವುದು ಅದು ಬಿಟ್ಟ ಗುರುತು. ಕಿಟಕಿಯ ಬಳಿ ರೋಗಿಯನ್ನು ಕೂರಿಸಿ, ತಮ್ಮ ಮೊಣಕಾಲನ್ನು ನೋಡಿಕೊಳ್ಳುವಂತೆ ಹೇಳಿರಿ. ಕಣ್ಣು ಪೂರ್ತಿ ತೆರೆದಿದ್ದರೆ ಮೇಲಿನ ಗೂದಲಿನ ಬುಡ ಮರೆಯಾಗುತ್ತದೆ, ದೃಷ್ಟಿ ಕೆಳಗಿಳಿದಾಗಲೇ ಅದು ಹೊರಬೀಳುತ್ತದೆ. ನಾನು ಬಳಸಿದ್ದು ದ್ರಾಕ್ಷಿ ಎಲೆಯ ನುಸಿ ನೋಡಲು ಅಣ್ಣ ತೋಟದಲ್ಲಿ ಇಟ್ಟುಕೊಂಡಿದ್ದ ಕೈ ಭೂತಗನ್ನಡಿಯನ್ನು. ಜೋಳದ ದಂಟಿನ ಗೆಣ್ಣನ್ನು ರವದಿ, ಅಂದರೆ ಎಲೆಯ ಬುಡದ ಹೊದಿಕೆ, ಹೇಗೆ ಕೊಳವೆಯಾಗಿ ಅಪ್ಪಿಕೊಂಡಿರುತ್ತದೆಯೋ, ಹಾಗೆ ಒಂದೊಂದು ಗೂದಲಿನ ಬುಡವನ್ನೂ ಮೇಣದ ಬಣ್ಣದ ಸಣ್ಣ ಕವಚ ಅಪ್ಪಿಕೊಂಡಿತ್ತು. ತಲೆಹೊಟ್ಟು ಗೂದಲಿನ ಮೇಲೆ ಎಲ್ಲೆಂದರಲ್ಲಿ ಉದುರಿರುತ್ತದೆ. ಈ ಕವಚ ಬುಡದಲ್ಲಿಯೇ, ಸುತ್ತಲೂ ಇರುತ್ತದೆ. ಇದನ್ನು ಕಂಡರೆ ನುಸಿ ಇದೆ ಎಂದೇ ತಿಳಿಯಬಹುದು. ವೈದ್ಯರು ಬೇಕೆನಿಸಿದರೆ ಎರಡು ಗೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಮಾತ್ರ ಗೂದಲು ಕೀಳಬೇಡಿರಿ.

ಆರೈಕೆಯ ಗುರಿ ನುಸಿಯನ್ನು ನಿರ್ನಾಮ ಮಾಡುವುದಲ್ಲ, ಸಂಖ್ಯೆಯನ್ನು ತಗ್ಗಿಸುವುದು. ಮೊಟ್ಟೆಯಿಂದ ಸಾವಿನವರೆಗೆ ಅದರ ಬದುಕು ಎರಡು ಮೂರು ವಾರಗಳದ್ದು. ಮೊದಲ ವಾರ ತಗ್ಗಿತೆಂದು ಬಿಟ್ಟರೆ ಉಳಿದ ಮೊಟ್ಟೆಗಳು ಮತ್ತೆ ಅಷ್ಟೇ ಹೆಚ್ಚುತ್ತವೆ. ಆದ್ದರಿಂದ ಕನಿಷ್ಠ ಆರು ವಾರ, ಒಂದು ದಿನವೂ ತಪ್ಪದೆ ಮಾಡಬೇಕು. ಕೈಗಳನ್ನು ಸೋಪಿನಿಂದ ತೊಳೆಯಿರಿ. ಕುದಿಸಿ ಆರಿಸಿದ ನೀರು ಮುಂಗೈಯ ಒಳಭಾಗಕ್ಕೆ ಹಿತವಾಗಿ ಬೆಚ್ಚಗೆನಿಸಿದಾಗ ಒಗೆದ ಮೆತ್ತನೆಯ ಹತ್ತಿ ಬಟ್ಟೆಯನ್ನು ಅದ್ದಿ ಹಿಂಡಿ, ಮುಚ್ಚಿದ ಕಣ್ಣಿನ ಮೇಲಿಡಿರಿ. ಬಟ್ಟೆ ಬೇಗ ಆರುವುದರಿಂದ ಮತ್ತೆ ಮತ್ತೆ ಅದ್ದುತ್ತ ಐದರಿಂದ ಹತ್ತು ನಿಮಿಷ ಮುಂದುವರಿಸಿರಿ. ಎರಡು ಕಣ್ಣಿಗೆ ಎರಡು ಬಟ್ಟೆ ಇರಲಿ. ಶಾಖಕ್ಕೆ ಗ್ರಂಥಿಯೊಳಗೆ ಹೆಪ್ಪುಗಟ್ಟಿದ ಜಿಡ್ಡು ಕರಗುತ್ತದೆ. ಆಗ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ, ಗುಡ್ಡೆಯನ್ನು ಒತ್ತದಂತೆ ನೀವಿರಿ. ಆ ಮೇಲೆ ವೈದ್ಯರು ಸೂಚಿಸಿದ ರೆಪ್ಪೆ ಒರೆಸುವ ವೈಪ್ ಅಥವಾ ದ್ರಾವಣದಿಂದ, ಕಣ್ಣು ಮುಚ್ಚಿಕೊಂಡು, ಗೂದಲಿನ ತುದಿಯನ್ನಲ್ಲ, ಬುಡವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಅಡ್ಡಡ್ಡ ಒರೆಸಿರಿ. ನೀರು ಬೆರೆಸಿದ ಬೇಬಿ ಶಾಂಪೂ ಹೊಟ್ಟನ್ನು ತೆಗೆಯುತ್ತದೆಯೇ ಹೊರತು ನುಸಿಯನ್ನು ಕೊಲ್ಲುವುದಿಲ್ಲ. ಮೊದಲ ಕೆಲವು ದಿನ ತುರಿಕೆ ಹೆಚ್ಚಿದಂತೆ ಅನಿಸಬಹುದು. ನನ್ನ ತಾಯಿ ಎಂಟನೆಯ ದಿನ ಇದನ್ನು ಬಿಟ್ಟೇಬಿಡೋಣ ಎಂದಿದ್ದರು, ನಾಲ್ಕನೆಯ ವಾರದ ಹೊತ್ತಿಗೆ ಸಮಯವಾದೊಡನೆ ತಾವೇ ಬಟ್ಟೆ ಹಿಡಿದು ಕೂರುತ್ತಿದ್ದರು.

ಇಲ್ಲಿ ಎರಡು ಅಪಾಯಗಳನ್ನು ಒತ್ತಿ ಹೇಳುತ್ತೇನೆ. ಟೀ ಟ್ರೀ ಎಣ್ಣೆಯಲ್ಲಿರುವ ಟರ್ಪಿನೆನ್-4-ಆಲ್ ಎಂಬ ಅಂಶ ನುಸಿಯನ್ನು ಕೊಲ್ಲುತ್ತದೆ ಎಂಬುದು ನಿಜ, ಆದರೆ ಬಾಟಲಿಯ ಅಪ್ಪಟ ಎಣ್ಣೆ ಕಣ್ಣಿಗೆ ತಗುಲಿದರೆ ಪಾರದರ್ಶಕ ಪದರ ಸುಡುತ್ತದೆ. ವೈದ್ಯರು ಹೇಳಿದ, ರೆಪ್ಪೆಗೆಂದೇ ತಯಾರಾದ ಹದದ ಉತ್ಪನ್ನವನ್ನು ಬಿಟ್ಟು ಬೇರೇನನ್ನೂ ಹಚ್ಚಬೇಡಿರಿ. ಎರಡನೆಯದು, ಔಷಧಿ ಅಂಗಡಿಯಲ್ಲಿ ಕೇಳಿ ತರುವ ಸ್ಟೆರಾಯ್ಡ್ ಹನಿಗಳು. ಇವು ಕೆಂಪನ್ನು ಒಂದೇ ದಿನದಲ್ಲಿ ಇಳಿಸುತ್ತವೆ, ಆದರೆ ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಮೋತಿಬಿಂದುವೂ ಬೆಳೆಯಬಹುದು.

ದಿಂಬಿನ ಕವಚ ಮತ್ತು ಟವೆಲ್‌ಗಳನ್ನು ವಾರಕ್ಕೊಮ್ಮೆಯಾದರೂ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ. ಕಾಡಿಗೆಯ ಡಬ್ಬಿಯನ್ನು ಹಂಚಿಕೊಳ್ಳಬೇಡಿರಿ. ಚಿಕಿತ್ಸೆ ಆರಂಭಿಸುವ ದಿನ ಹಳೆಯದನ್ನು ಬಿಸಾಡುವುದೇ ಒಳ್ಳೆಯದು, ಆರು ವಾರ ಕಣ್ಣಿಗೆ ಕಾಡಿಗೆಯೇ ಬೇಡ.

ತೊಳೆಯುವುದರಿಂದ ಮಾತ್ರ ತಗ್ಗದಿದ್ದರೆ ವೈದ್ಯರು ಐವರ್ಮೆಕ್ಟಿನ್ ಮಾತ್ರೆ ಅಥವಾ ಮುಲಾಮನ್ನು ಯೋಚಿಸಬಹುದು. ಮಾತ್ರೆಯ ಪ್ರಮಾಣ ದೇಹದ ತೂಕಕ್ಕೆ ತಕ್ಕಂತೆ ನಿರ್ಧಾರವಾಗಬೇಕಾದ್ದರಿಂದ ಅದನ್ನು ತಾವಾಗಿಯೇ ನುಂಗುವಂತಿಲ್ಲ. ಈ ನುಸಿಗೆಂದೇ ತಯಾರಾದ ಲೋಟಿಲಾನರ್ ಹನಿಗೆ ಅಮೆರಿಕದಲ್ಲಿ 2023ರ ಜುಲೈನಲ್ಲಿ ಅನುಮತಿ ದೊರೆಯಿತು. ಅದನ್ನು ದಿನಕ್ಕೆರಡು ಬಾರಿ ಆರು ವಾರ ಹಾಕಬೇಕು. ಚಿಕಿತ್ಸೆಯ ಅವಧಿ ಅಲ್ಲಿಯೂ ಆರು ವಾರವೇ ಆಗಿರುವುದನ್ನು ಗಮನಿಸಿರಿ. ಕಣ್ಣು ನೋಯುತ್ತಿದ್ದರೆ, ಬೆಳಕು ಸಹಿಸಲಾಗದಿದ್ದರೆ, ದೃಷ್ಟಿ ಮಂಜಾದರೆ ಮನೆಯ ಆರೈಕೆಯಲ್ಲಿ ಹೊತ್ತು ಕಳೆಯದೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿರಿ. ಒಂದೇ ಜಾಗದಲ್ಲಿ ಗಂಟು ಮರುಕಳಿಸುತ್ತಿದ್ದರೂ ತೋರಿಸಬೇಕು. ಮನೆಯ ಹಿರಿಯರಿಗೆ ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ನಿಗದಿಯಾಗಿದ್ದರೆ ಅದಕ್ಕೆ ಮುಂಚೆಯೇ ರೆಪ್ಪೆಯನ್ನು ನೋಡುವಂತೆ ಕೇಳಿರಿ, ಏಕೆಂದರೆ ಉರಿಯೂತವಿರುವ ರೆಪ್ಪೆಯ ಬ್ಯಾಕ್ಟೀರಿಯಾ ಶಸ್ತ್ರಚಿಕಿತ್ಸೆಯಾದ ಕಣ್ಣಿನೊಳಗೆ ಸೋಂಕು ತರಬಲ್ಲದು.

ಆರು ವಾರ ಮುಗಿದ ಮೇಲೆ ವೈದ್ಯರಿಗೆ ಇನ್ನೊಮ್ಮೆ ತೋರಿಸಿ, ಎಷ್ಟು ದಿನಕ್ಕೊಮ್ಮೆ ಒರೆಸಬೇಕೆಂದು ಕೇಳಿಕೊಳ್ಳಿರಿ. ನಮ್ಮ ಮನೆಯಲ್ಲಿ ಈಗ ಪ್ರತಿ ಅಮಾವಾಸ್ಯೆಯ ಬೆಳಗ್ಗೆ ತಾಯಿಯನ್ನು ಅದೇ ಕಿಟಕಿಯ ಬಳಿ ಕೂರಿಸಿ, ಅವರು ಮೊಣಕಾಲು ನೋಡುತ್ತಿರುವಾಗ ಭೂತಗನ್ನಡಿಯಲ್ಲಿ ಎರಡೂ ಕಣ್ಣಿನ ಗೂದಲಿನ ಬುಡಗಳನ್ನು ನೋಡುತ್ತೇನೆ.